ಹುಲ್ಲುಪಟ್ಟಿಯ ಕಾಲುದಾರಿ

ಮಳೆ ಬಿಟ್ಟ ಕೂಡಲೇ ಅತ್ತಿಗೆ ಚಪ್ಪಲಿಯನ್ನೂ ಮೆಟ್ಟದೆ ಹೊಲದ ಕೆಳಬದಿಗೆ ಓಡಿದಳು. ಅಲ್ಲಿ ಅವಳೇ ನೆಟ್ಟು ಬೆಳೆಸಿದ ಹುಲ್ಲುಪಟ್ಟಿಯಿತ್ತು. ಅದರಾಚೆ ನಾದಿನಿಯ ಮೀನಿನ ಕೊಳ. ಹೋದ ಮಳೆಗಾಲದಲ್ಲಿ ಹೊಲಕ್ಕೆ ಹಾಕಿದ ಗೊಬ್ಬರವೆಲ್ಲ ಕೊಚ್ಚಿ ಬಂದು, ಕೊಳ ಪಾಚಿಗಟ್ಟಿ, ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ಅಳೆದು ತೂಗಿ ನಡೆಯುತ್ತಿತ್ತು. ಹುಲ್ಲು ನೀರಿನ ಓಟ ತಗ್ಗಿಸುತ್ತದೆ, ಮಣ್ಣೂ ಗೊಬ್ಬರವೂ ಅಲ್ಲೇ ತಂಗುತ್ತವೆ ಎಂದು ಅತ್ತಿಗೆ ಗಂಡನೊಡನೆ ಹಟ ಹಿಡಿದು ಅಷ್ಟು ನೆಲವನ್ನು ಉಳದೆ ಬಿಡಿಸಿದ್ದಳು. ಈ ಸಲವೂ ನೀರು ಕೆಟ್ಟರೆ ಕೊಳ ಮುಚ್ಚಿಬಿಡುತ್ತೇನೆಂದು ನಾದಿನಿ ಹೇಳಿಯಾಗಿತ್ತು.

ನಾದಿನಿ ಮೊದಲೇ ದಂಡೆಯ ಮೇಲೆ ನಿಂತಿದ್ದಳು. ಕೊಳದೊಳಕ್ಕೆ ಕೆಂಪು ನೀರು ನಾಲಿಗೆ ಚಾಚಿತ್ತು.

"ನಿಮ್ಮ ಹುಲ್ಲು ಮೇವಿಗೆ ಆಗುತ್ತೆ ಅತ್ತಿಗೆ. ಸೋಸೋಕೆ ಆಗಲ್ಲ."

ಅತ್ತಿಗೆ ಕಣ್ಣು ಕೀಳದೆ ನೋಡಿದಳು. ಪಟ್ಟಿಯುದ್ದಕ್ಕೂ ಹುಲ್ಲಿನ ಬುಡದಲ್ಲಿ ಕೆಸರು ದಪ್ಪಗೆ ಕೂತಿತ್ತು; ಆಚೆ ಜಿನುಗುತ್ತಿದ್ದ ನೀರು ತಿಳಿಯಾಗಿತ್ತು. ಕೆಂಪು ಹರಿದು ಬರುತ್ತಿದ್ದುದು ಒಂದೇ ಕಡೆ, ಹುಲ್ಲು ಸವೆದು ತಗ್ಗುಬಿದ್ದಿದ್ದ ಒಂದು ಕಾಲುದಾರಿಯಲ್ಲಿ.

"ಯಾವ ದನ ಓಡಾಡಿದೆ ಇಲ್ಲಿ?"

ನಾದಿನಿಗೆ ನಗು ತಡೆಯಲಾಗಲಿಲ್ಲ. "ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಹುಲ್ಲು ಚಿಗುರಿದೆಯಾ ಅಂತ ಬಗ್ಗಿ ಬಗ್ಗಿ ನೋಡೋ ದನ. ದಿನಾ ನೋಡ್ತಿದ್ನಲ್ಲ ನಾನು."

ಅತ್ತಿಗೆ ಕೆಸರು ಮೆತ್ತಿದ್ದ ತನ್ನ ಪಾದಗಳನ್ನು ನೋಡಿಕೊಂಡಳು. ದಾರಿಯ ಅಗಲವೂ ಅಷ್ಟೇ ಇತ್ತು. ಮುಖ ಬಿಸಿಯಾಯಿತು, ಎದೆಯ ಭಾರ ಮಾತ್ರ ಇಳಿದುಹೋಯಿತು.

"ಹಾಗಾದ್ರೆ ತಪ್ಪು ಹುಲ್ಲಿಂದಲ್ಲ."

"ಅಲ್ಲ. ಕಾವಲು ಕಾಯೋರದ್ದು."

"ಸರಿ, ಬಾಯಿ ಸಾಕು. ಗುದ್ದಲಿ ತಗೊಂಡು ಬಾ."

ಇಬ್ಬರೂ ತಗ್ಗಿಗೆ ಮಣ್ಣು ತುಂಬಿ ತುಳಿದರು. ಒತ್ತಾಗಿ ಬೆಳೆದ ಕಡೆಯಿಂದ ಹುಲ್ಲಿನ ಬುಡ ಕಿತ್ತು ತಂದು ಸಂದಿಲ್ಲದಂತೆ ನೆಟ್ಟರು. ದಾರಿಯ ಬಾಯಿಗೆ ನಾದಿನಿ ಮುಳ್ಳುಕೊಂಬೆ ಎಳೆದು ಹಾಕಿದಳು. "ಇದು ನಿಮಗೇ," ಎಂದಳು.

ಬುಡಗಳು ಬೇರೂರಿದ ಮೇಲೆ ಮತ್ತೊಂದು ಜೋರು ಮಳೆ ಬಂತು. ಅತ್ತಿಗೆ ಜಗಲಿಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಅಷ್ಟರಲ್ಲಿ ಕೆಳಗಿನಿಂದ ನಾದಿನಿಯ ಕೂಗು ಕೇಳಿಸಿತು.

"ಬರಬೇಡಿ ಅತ್ತಿಗೆ, ನೀರು ತಿಳಿಯಾಗಿದೆ. ಮೀನುಮರಿ ಬಿಡ್ತಿದೀನಿ."

ಅತ್ತಿಗೆ ಹೊರಟೇಬಿಟ್ಟಳು. ಈ ಸಲ ರಸ್ತೆ ಸುತ್ತಿಕೊಂಡು.