ಒಂದು ಅಡಿಗೆ ನೂರು ವರ್ಷ

ನನ್ನ ಮಗಳು ಸಂಹಿತಾಳ ಪಾಲಿಗೆ ಇದ್ದದ್ದು ಒಂದೇ ಸಾಲು: "ದುಃಖ ಎಲ್ಲಿಂದ ಬರುತ್ತದೆ?" ಬರೆದವಳು ನಾನೇ. ಸ್ಟಾಫರ್ಡ್‌ನಲ್ಲಿ ಅನಿವಾಸಿ ಕನ್ನಡಿಗರು ಭಾನುವಾರ ಬೆಳಿಗ್ಗೆ ನಡೆಸುವ ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ಪುರಾತನ ಕಾಲದ ಮತ, ತತ್ವಗಳ ಬಗ್ಗೆ ಹತ್ತು ನಿಮಿಷದ ರೂಪಕ. ಐದು ಮಕ್ಕಳು ಜ್ಞಾನಿಗಳು. ಸಂಹಿತಾ ಆ ಕಾಲದ ಒಬ್ಬ ನೀರು ಹೊರುವ ಹುಡುಗಿ. ಅವಳು ಕೇಳಿದರೆ ಮಾತ್ರ ಉಳಿದವರ ಉತ್ತರ ಶುರುವಾಗಬೇಕು.

ಹೋದ ರಾಜ್ಯೋತ್ಸವದಲ್ಲಿ ಅವಳು ವೇದಿಕೆಯ ಮೇಲೆ ನಡುಗುವ ಕೈಗಳನ್ನೇ ನೋಡಿಕೊಂಡು ನಿಂತುಬಿಟ್ಟಿದ್ದಳು. ಯಾರೋ ಬಂದು ಕೆಳಗೆ ಕರೆದುಕೊಂಡು ಹೋದರು. ಕೇಟಿ ಎಂಬ ಊರಿನ ನಮ್ಮ ಮನೆ ತಲುಪುವವರೆಗೆ ಹಿಂದಿನ ಸೀಟಿನಲ್ಲಿ ಒಂದೇ ಮಾತು: "ಎವ್ರಿಬಡಿ ಸಾ ಮೈ ಹ್ಯಾಂಡ್ಸ್." ಆಗ ಅವಳಿಗೆ ಒಂಬತ್ತು ತುಂಬಿತ್ತಷ್ಟೇ. ಈ ಸಲ ತಾನಾಗಿಯೇ ಬಂದು ಹೇಳಿದ್ದಳು: "ಒಂದೇ ಲೈನ್ ಕೊಡು, ಅಮ್ಮ. ಅದೂ ಬರ್ಲಿಲ್ಲ ಅಂದ್ರೆ ಇನ್ಯಾವತ್ತೂ ಕೇಳ್ಬೇಡ."

ಅಂದಿನಿಂದ ನಾನು ಮೂರು ವಾರ ಇಸವಿಗಳನ್ನು ತಿದ್ದುತ್ತ ಕುಳಿತೆ. ಆತಂಕವಾದಾಗ ನನಗೆ ಮಾಡಲು ಬರುವುದು ಅದೊಂದೇ. ಹದಿನೈದು ಅಡಿ ಉದ್ದದ ಕಂದು ಕಾಗದ, ಒಂದು ಅಡಿಗೆ ನೂರು ವರ್ಷ, ಕ್ರಿಸ್ತಪೂರ್ವ ಸಾವಿರದ ಐನೂರರಿಂದ ಕ್ರಿಸ್ತನವರೆಗೆ. ಒಬ್ಬೊಬ್ಬ ಜ್ಞಾನಿಯ ಹೆಸರೂ ಅವನ ಕಾಲದ ಜಾಗದಲ್ಲಿ. ಪ್ರತಿ ಇಸವಿಯ ಎಡಕ್ಕೆ ಪೆನ್ಸಿಲ್ಲಿನಲ್ಲಿ 'ಸುಮಾರು' ಎಂದು ಬರೆದೆ. ಯಾರಾದರೂ ತಪ್ಪು ಹಿಡಿದರೆ?

ಕಾರ್ಯಕ್ರಮಕ್ಕೆ ಹತ್ತು ನಿಮಿಷ ಇರುವಾಗ ಕಾಗದವನ್ನು ವೇದಿಕೆಯ ಮೇಲೆ ಹಾಸಿ, ಮೂಲೆಗಳಿಗೆ ಟೇಪು ಹಚ್ಚಿದೆ. ಮಕ್ಕಳು ತಂತಮ್ಮ ಪಾತ್ರದ ಹೆಸರಿನ ಮೇಲೆ ನಿಲ್ಲಬೇಕು ಎಂಬುದು ಏರ್ಪಾಡು.

"ಏನ್ರೀ ಟೀಚರಮ್ಮ, ಸರಸ್ವತೀನ ನೆಲಕ್ಕ ಹಾಸೀರಲ್ಲ?"

ಬುದ್ಧನಾಗಬೇಕಿದ್ದ ಅಮರ್‌ನ ಅಜ್ಜಿ, ಗದಗಿನಿಂದ ಬಂದಿದ್ದ ಸುಮಿತ್ರವ್ವ. ಚಪ್ಪಲಿ ಕಳಚಿ ವೇದಿಕೆಯ ಅಂಚಿನಲ್ಲಿ ನಿಂತಿದ್ದರು.

"ಮಕ್ಕಳು ಬರಿಗಾಲಲ್ಲೇ ನಿಲ್ತಾರೆ, ಆಂಟಿ."

"ಬರಿಗಾಲಾದ್ರ ಕಾಲಲ್ಲೇನು? ಬುದ್ಧನ ಹೆಸರು ತುಳಿದು ನಮ್ಮ ಅಮರ್ ಬುದ್ಧ ಆಗ್ತಾನ? ಚಂದ ಆತು!"

ಪುಸ್ತಕಕ್ಕೆ ಕಾಲು ತಗುಲಿದರೆ ಈಗಲೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು. ಇಸವಿ ತಪ್ಪಬಾರದೆಂದು ಹೆದರುತ್ತ ಹೆದರುತ್ತ, ಹೆಸರುಗಳನ್ನು ಮಕ್ಕಳ ಕಾಲಡಿಗೆ ಹಾಕಿದ್ದೆ. ಹಿಂದಿನ ಗೋಡೆಗೆ ಅಂಟಿಸೋಣವೆಂದರೆ ಅಲ್ಲಿ ಬಟ್ಟೆಯ ಪರದೆ. ಸಭೆಯಲ್ಲಿ ಜನ ಕೂರುತ್ತಿದ್ದರು. ಸಂಹಿತಾ ಕೈಗಳನ್ನು ಲಂಗದ ನೆರಿಗೆಯಲ್ಲಿ ಅಡಗಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅಳೂ ಮಾರಿ ಯಾಕ, ತಂಗಿ?" ಸುಮಿತ್ರವ್ವ ಸೆರಗು ಸಿಕ್ಕಿಸಿದರು. "ಎತ್ತಿ ಹಿಡೀರಿ. ಇಬ್ಬರು ನಿಂತು ಸೀರಿ ಒಣಗಿಸಂಗಿಲ್ಲೇನು, ಹಂಗ."

ಸಾಕ್ರಟೀಸ್ ಪಾತ್ರದ ವೈಷ್ಣವಿಯ ಅಪ್ಪ ಅವಿನಾಶ್ ಓಡಿಬಂದರು. "ವೇದದ ತುದಿ ನನಗಿರ್ಲಿ. ನೀವು ಕ್ರಿಸ್ತನ ಕಡೆ ಹಿಡ್ಕೊಳ್ಳಿ, ಅಜ್ಜಿ."

"ಯಾವದು ಹಗುರ ಐತಿ ಅದನ್ನ ಕೊಡ್ರಿ ನನಗ."

ಕಾಗದ ಮಕ್ಕಳ ಎದೆಯ ಮಟ್ಟಕ್ಕೆ ಎದ್ದಿತು. ಮಧ್ಯದಲ್ಲಿ ಜೋಲುವ ಕಡೆ ಮಕ್ಕಳೇ ಅಂಚು ಹಿಡಿದು ಅದರ ಹಿಂದೆ ನಿಂತರು. ಬುದ್ಧ, ಮಹಾವೀರ, ಕನ್ಫ್ಯೂಷಿಯಸ್, ಸಾಕ್ರಟೀಸ್, ಉಪನಿಷತ್ತಿನ ಒಬ್ಬ ಋಷಿ, ಎಲ್ಲರ ಹೆಸರೂ ಎರಡು ಮೂರು ಅಡಿಯೊಳಗೇ ಇದ್ದವು. ಭುಜಕ್ಕೆ ಭುಜ ತಾಗಿ ತಳ್ಳಾಟ ಶುರುವಾಯಿತು. ನಡುವೆ ಸಂಹಿತಾ. ಅವಳ ಕೈಗಳು ಕಾಗದದ ಹಿಂದಿದ್ದವು. ಮುಖ ಮಾತ್ರ ಕಾಣುತ್ತಿತ್ತು.

ಮುಂದಿನ ಪರದೆ ಸರಿಯಿತು. ನಾನು ಪಕ್ಕದಲ್ಲಿ ನಿಂತು ಅವಳ ಸಾಲನ್ನು ತುಟಿಯಲ್ಲೇ ಹೇಳುತ್ತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ.

"ಡ್ಯೂಡ್, ಇದು ನನ್ನ ಸೆಂಚುರಿ," ಎಂದು ಹತ್ತಿಯ ಗಡ್ಡದ ಸಾಕ್ರಟೀಸ್ ವೈಷ್ಣವಿ ಬುದ್ಧನನ್ನು ಮೊಣಕೈಯಿಂದ ತಿವಿದಳು. ಅದು ಮೈಕಿಗೂ ಕೇಳಿಸಿತು. ಸಭೆ ನಕ್ಕಿತು.

ಸಂಹಿತಾಳಿಗೂ ನಗು ಬಂತು. ಆಚೀಚೆ ನೋಡಿ ಕೇಳಿದಳು: "ಎಲ್ಲರೂ ಯಾಕೆ ಇಲ್ಲೇ ಬಂದಿದೀರಾ? ಅಜ್ಜಿ ಹತ್ರ ಅಷ್ಟೊಂದು ಜಾಗ ಇದೆಯಲ್ಲ?"

ಅದು ನಾನು ಬರೆದ ಸಾಲಲ್ಲ. ಬುದ್ಧ ಮಹಾವೀರನ ಮುಖ ನೋಡಿದ. ಕನ್ಫ್ಯೂಷಿಯಸ್ ಭುಜ ಕುಣಿಸಿದ. ಮೂರು ವಾರ ಓದಿದ್ದ ನಾನು ಕೈಯಲ್ಲಿದ್ದ ಹಾಳೆ ತಿರುವಿ ಹುಡುಕಿದೆ.

"ನಿನ್ನಂಥಾಕಿ ಒಬ್ಬಾಕಿ ಅಲ್ಲೇ ನೀರಿಗೆ ಬಂದು ಕೇಳಿರಬೇಕವ್ವ, ಅದಕ್ಕ," ಎಂದರು ಸುಮಿತ್ರವ್ವ ತಮ್ಮ ತುದಿಯಿಂದ. "ನೀ ಕೇಳೂದು ಕೇಳು ಲಗೂ. ನನ್ನ ಕೈ ಸೋತುವು."

ನಗು ತಗ್ಗುವವರೆಗೆ ಕಾದು, ಸಂಹಿತಾ ಸ್ಪಷ್ಟವಾಗಿ ಕೇಳಿದಳು: "ದುಃಖ ಎಲ್ಲಿಂದ ಬರುತ್ತದೆ?"

ಆಸೆಯಿಂದ ಎಂದ ಬುದ್ಧ. ಇನ್ನೊಂದು ಜೀವವನ್ನು ನೋಯಿಸುವುದರಿಂದ ಎಂದ ಮಹಾವೀರ. ಗೊತ್ತಿಲ್ಲದ್ದನ್ನು ಗೊತ್ತು ಅಂದುಕೊಳ್ಳುವುದರಿಂದ ಎಂದಳು ಸಾಕ್ರಟೀಸ್, ಗಡ್ಡ ಜಾರದಂತೆ ಹಿಡಿದುಕೊಂಡು. ಉಳಿದಿಬ್ಬರ ಮಾತು ನನಗೆ ಸರಿಯಾಗಿ ಕೇಳಿಸಲಿಲ್ಲ. ಕಾಗದದ ಅಂಚು ಸಣ್ಣಗೆ ಅದುರುತ್ತಿತ್ತು. ಎಂಟು ಜನ ಹಿಡಿದ ಕಾಗದ, ಯಾರ ಕೈಯಿಂದ ಅದುರುತ್ತಿದೆಯೆಂದು ಸಭೆಗೆ ಹೇಗೆ ಗೊತ್ತಾಗಬೇಕು?

ಊಟ ಮುಗಿಸಿ ಹೊರಟಾಗ ಮಧ್ಯಾಹ್ನ. ಸುರುಳಿ ಸುತ್ತಿದ ಕಾಗದ ಸಂಹಿತಾಳ ತೊಡೆಯ ಮೇಲಿತ್ತು. ಐ-ಟೆನ್ ಹೆದ್ದಾರಿ ಹತ್ತಿದೆವು. ನಾನು ಕನ್ನಡಿಯಲ್ಲಿ ಅವಳನ್ನು ನೋಡುತ್ತಲೇ ಇದ್ದೆ.

"ಅಮ್ಮ, ನೆಕ್ಸ್ಟ್ ಟೈಮ್ ನಂಗೆ ಎಷ್ಟು ಲೈನ್?"

"ಎಷ್ಟು ಬೇಕು?"

ಅವಳು ಸುರುಳಿಯ ತುದಿ ಬಿಚ್ಚಿ ನನ್ನ ಪೆನ್ಸಿಲ್ ಬರಹವನ್ನು ಓದಿಕೊಂಡಳು.

"ಸುಮಾರು ನಾಲ್ಕು."