ಏಳೂವರೆ ರೊಟ್ಟಿ ಅಗಲದ ಕಾರು

ಕಸ್ತೂರೆವ್ವ ಸಿಟ್ಟಿನಲ್ಲಿ ರೊಟ್ಟಿ ಬಡಿಯತೊಡಗಿದಳೆಂದರೆ ಬೆಂಗಳೂರಿನ ಮಾರೇನಹಳ್ಳಿಯಲ್ಲಿ ಅಲುಗದ ಮನೆ ಇರುತ್ತಿರಲಿಲ್ಲ. ಆ ಮಂಗಳವಾರ ಬೆಳಿಗ್ಗೆ ಅವಳು ಬಡಿದ ರಭಸಕ್ಕೆ ಎದುರುಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಕ್ಕೆ ಓಡಿತು. ಮೂರನೇ ಅಡ್ಡರಸ್ತೆಯ ಬಾಣಂತಿಯ ಕೂಸು ಒಂದು ತಿಂಗಳು ಮೊದಲೇ ಮಗುಚಿಕೊಂಡಿತು. ಜ್ಞಾನಭಾರತಿಯಲ್ಲಿ ಯಾರಾದರೂ ಭೂಕಂಪ ಅಳೆಯುವ ಯಂತ್ರ ಇಟ್ಟುಕೊಂಡಿದ್ದರೆ ಅದರ ಮುಳ್ಳು ಮುರಿದು ಬೀಳುತ್ತಿತ್ತು. ಇದರಲ್ಲಿ ಒಂದಕ್ಷರವೂ ಹೆಚ್ಚಿಲ್ಲ. ಇದ್ದರೆ ಕಡಿಮೆಯೇ ಇದ್ದೀತು.

ಸಿಟ್ಟಿಗೆ ಕಾರಣ ಒಂದು ಚೀಟಿ. ಮನೆ ಮಾಲೀಕ ಮರಿಯಪ್ಪ ಅದನ್ನು ಬೆಳಗಿನ ಜಾವವೇ ಅವಳ ಖಾನಾವಳಿಯ ಶಟರಿನ ಸಂದಿಗೆ ತುರುಕಿ ಹೋಗಿದ್ದ. ‘ಒಂದು ತಿಂಗಳೊಳಗೆ ಅಂಗಡಿ ಖಾಲಿ ಮಾಡತಕ್ಕದ್ದು. ಕಾರು ನಿಲ್ಲಿಸಲು ಜಾಗ ಬೇಕಾಗಿದೆ.’

ಕಾರು! ಹನ್ನೊಂದು ವರ್ಷದ ಹಿಂದೆ ಬಾಗಲಕೋಟೆ ಕಡೆಯಿಂದ ಎರಡು ಹಂಚು, ಒಂದು ಒರಳು ಹೊತ್ತುಕೊಂಡು ಬಂದು, ಅಂದಿನಿಂದ ಇಂದಿನವರೆಗೆ ಭೂಮಿಗೆ ಸುತ್ತಿದರೆ ಎರಡು ಸುತ್ತು ಬರುವಷ್ಟು ರೊಟ್ಟಿ ಬಡಿದ ಹೆಂಗಸು ಬೀದಿಗೆ. ಉಣ್ಣದ, ತಿನ್ನದ, ಬರೀ ಕರೆಂಟು ಕುಡಿಯುವ ಒಂದು ಡಬ್ಬಿ ಅವಳ ಅಡುಗೆಮನೆಗೆ!

ಆ ಡಬ್ಬಿಯ ಹಿಂದೆ ಒಂದು ಕಥೆಯಿತ್ತು. ಮರಿಯಪ್ಪನ ಅಪ್ಪನ ಕಾಲಕ್ಕೆ ಇಲ್ಲೆಲ್ಲ ರಾಗಿ ಹೊಲ. ಅದನ್ನು ಮಾರಿ ಉಳಿದ ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಮರಿಯಪ್ಪ ಐದು ಅಂತಸ್ತು ಎಬ್ಬಿಸಿದ್ದ. ಒಂದಿಂಚು ಖಾಲಿ ಬಿಟ್ಟರೆ ಭೂಮಿತಾಯಿ ಮುನಿಸಿಕೊಳ್ಳುತ್ತಾಳೆ ಅನ್ನುವ ಹಾಗೆ ಕಟ್ಟಿದ್ದರಿಂದ ಸೂರ್ಯ ಆ ಬೀದಿಗೆ ಬರಬೇಕಾದರೆ ಹೊಟ್ಟೆ ಒಳಕ್ಕೆಳೆದುಕೊಂಡು ಅಡ್ಡಡ್ಡ ನಡೆದು ಬರಬೇಕಾಗಿತ್ತು. ಕೆಳಗೆ ಕಾರು ನಿಲ್ಲಿಸಲೆಂದು ಬಿಟ್ಟ ಜಾಗಕ್ಕೆ ಶಟರ್ ಎಳೆದು ಕಸ್ತೂರೆವ್ವನಿಗೆ ಬಾಡಿಗೆಗೆ ಕೊಟ್ಟು, ತಾನು ಐದನೇ ಮಹಡಿಯಲ್ಲಿ ಕೂತ.

ಎರಡು ತಿಂಗಳ ಹಿಂದೆ ಅವನು ಎಲೆಕ್ಟ್ರಿಕ್ ಕಾರು ತಂದ. ದಸರಾ ಆನೆಯೂ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಅಂಥ ಕಾರು. ನಿಂಬೆಹಣ್ಣು ತುಳಿಸಿ, ಬೂದುಗುಂಬಳ ಒಡೆದು, ಬೀದಿಗೆಲ್ಲ ಲಾಡು ಹಂಚಿ ಆದ ಮೇಲೆ ಅವನಿಗೆ ಹೊಳೆದದ್ದು: ಇದಕ್ಕೆ ಕರೆಂಟು ಕುಡಿಸುವುದೆಲ್ಲಿ?

ಮೊದಲು ಹೆಂಡತಿ ಲಿಂಗಮ್ಮನ ತರಕಾರಿ ಬುಟ್ಟಿಗೆ ವೈರು ಕಟ್ಟಿ ಐದನೇ ಮಹಡಿಯಿಂದ ಇಳಿಬಿಡಿಸಿದ. ವೈರು ಖಾನಾವಳಿಯ ಬೋರ್ಡಿನ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

“ಬಿಡೇ, ಇನ್ನೂ ಬಿಡೇ!” ಎಂದು ಕೆಳಗಿನಿಂದ ಕೂಗಿದ.

“ವೈರು ಮುಗೀತು! ಬಿಡೋದಕ್ಕೆ ಇನ್ನು ನಾನೊಬ್ಳೇ ಉಳ್ದಿರೋದು!” ಎಂದಳು ಲಿಂಗಮ್ಮ ಮೇಲಿನಿಂದ.

ಆಮೇಲೆ ಎರಡು ದಿನಕ್ಕೊಮ್ಮೆ ಅನ್ನಪೂರ್ಣೇಶ್ವರಿ ನಗರದ ಚಾರ್ಜಿಂಗ್ ಪಾಯಿಂಟಿಗೆ ಅಲೆದ. ಅಲ್ಲಿ ಮೂರು ಗಾಡಿ ಮುಂದೆ ಇರುತ್ತಿದ್ದವು. ಒಮ್ಮೆ ಯಾರದೋ ಪೆಟ್ರೋಲ್ ಕಾರು ಆ ಜಾಗದಲ್ಲಿ ಮಲಗಿತ್ತು. ಸಾಲಿನಲ್ಲಿ ನಿಂತಾಗ ನುಣ್ಣಗಿದ್ದ ಅವನ ಗಡ್ಡ ಚಾರ್ಜ್ ಮುಗಿಯುವ ಹೊತ್ತಿಗೆ ಎದೆಗೆ ಬರುತ್ತಿತ್ತು. ವಾಪಸು ಬಂದರೆ ಮನೆ ಮುಂದೆ ಬೈಕುಗಳು ನಿಂತು ಜಾಗವಿಲ್ಲ. ಎರಡು ಬೀದಿಯಾಚೆ ಹೊಂಗೆಮರದ ಕೆಳಗೆ ನಿಲ್ಲಿಸಿ ನಡೆದುಕೊಂಡು ಬರಬೇಕು. ಆಗ ಅವನಿಗೆ ಬೀರುವಿನಲ್ಲಿದ್ದ ಕಟ್ಟಡದ ಪ್ಲ್ಯಾನು ನೆನಪಾಯಿತು. ಚೀಟಿ ಬಂದದ್ದು ಅಲ್ಲಿಂದ.

ಹತ್ತು ಗಂಟೆಗೆ ಮರಿಯಪ್ಪ ಆ ಪ್ಲ್ಯಾನನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಬಂದಾಗ ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಚೀಟಿ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

“ಗೌಡ್ರ, ಏನ್ರಿ ಇದು?”

“ಓದಕ್ಕೆ ಬರುತ್ತಲ್ಲ ಕಸ್ತೂರಮ್ಮ. ಒಂದ್ ತಿಂಗಳು ಟೈಮ್ ಕೊಟ್ಟಿದೀನಿ.”

“ಕಸ್ತೂರಮ್ಮ ಅಲ್ರಿ, ಕಸ್ತೂರೆವ್ವ. ಹನ್ನೊಂದು ವರ್ಷ ಆತು ಹೇಳಿ ಹೇಳಿ.”

“ಯಾವ್ದೋ ಒಂದು. ನೋಡಮ್ಮ, ನನ್ ಗಾಡಿ ಅನಾಥ ಥರ ಬೀದೀಲಿ ನಿಂತೈತೆ. ಮೊನ್ನೆ ಯಾವನೋ ಕನ್ನಡಿ ಮುರ್ದಾಕ್ದ. ಐದಂತಸ್ತು ಕಟ್ಟಿದೀನಿ, ನನ್ ಬಿಲ್ಡಿಂಗಲ್ಲಿ ನನ್ ಕಾರಿಗೆ ಒಂದು ಪ್ಲಗ್ ಇಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ?”

ಪ್ಲಗ್ ಅನ್ನಬಾರದಿತ್ತು ಅವನು. ಕಸ್ತೂರೆವ್ವನ ಮುಖ ಹಂಚಿಗಿಂತ ಕೆಂಪಾಯಿತು. ಆ ಕಾವಿಗೇ ಎರಡು ರೊಟ್ಟಿ ಬೇಯಿಸಬಹುದಿತ್ತು.

ಖಾನಾವಳಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಒಂದು ಮಷಿನ್ ಕೂತಿತ್ತು. ರೊಟ್ಟಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ ಕುಟ್ಟುವ ಮಷಿನ್. ಅಂಗಡಿ ಹಾಕಿದ ವರ್ಷವೇ ಕೊಂಡದ್ದು, ಒಂದು ದಿನವೂ ತಿರುಗಿರಲಿಲ್ಲ. ಅದಕ್ಕೆ ದೊಡ್ಡ ಪವರ್ ಪ್ಲಗ್ ಬೇಕು. ಪ್ರತಿ ಯುಗಾದಿಗೆ ಅವಳು ಕೇಳುವುದು, ಪ್ರತಿ ಯುಗಾದಿಗೆ ಮರಿಯಪ್ಪ “ಬಿಲ್ಡಿಂಗ್ ತಡ್ಕೊಳ್ಳಲ್ಲ” ಅನ್ನುವುದು. ಹಾಗಾಗಿ ಹನ್ನೊಂದು ವರ್ಷ ಒರಳಲ್ಲೇ ಕುಟ್ಟಿದಳು. ಈಗ ಅವಳ ಬಲಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಇದನ್ನು ಮಾತ್ರ ಹಿಗ್ಗಿಸಿ ಹೇಳಬೇಕಾಗಿಲ್ಲ. ತಲೆ ಬಾಚಿಕೊಳ್ಳುವುದನ್ನೂ ಅವಳು ಎಡಗೈಯಲ್ಲಿ ಕಲಿತಿದ್ದಳು.

“ನನ್ನ ಮಷಿನ್‌ಗೆ ತಡ್ಕೊಳ್ಳದ ಬಿಲ್ಡಿಂಗು ನಿಮ್ಮ ಕಾರಿಗೆ ಹೆಂಗ ತಡ್ಕೊಂತೈತ್ರಿ?” ಎಂದಳು. “ಉಣ್ಣಾಕ ಬಂದವರು ಕುಂಡ್ರಲಿ ಅಂತ ಹೊರಗ ಒಂದು ಬೆಂಚ್ ಇಟ್ಟರ ಒದ್ದು ತೆಗಿಸಿದ್ರಿ. ಹತ್ತಕ್ಕ ನೀರು ಬಂದ್ ಮಾಡತೀರಿ. ನಿಂತು ಉಂಡಾರ ಜನ, ನಿಂತು ಕುಟ್ಟೇನಿ ನಾನು. ಈಗ ಕಾರಿಗೆ ಮಲಗಾಕ ಖೋಲಿ ಬೇಕೇನ್ರಿ?”

“ಜೋರು ಮಾಡ್ಬೇಡ. ಇದು ಪಾರ್ಕಿಂಗ್ ಜಾಗಾನೇ. ಪ್ಲ್ಯಾನಲ್ಲೇ ಐತೆ, ನೋಡು!” ಮರಿಯಪ್ಪ ಹಾಳೆ ಬಿಡಿಸಿದ. “ಬಾಗಲು ಒಂಬತ್ತು ಅಡಿ. ಸೀಲ್ ಒತ್ತಿದಾರೆ.”

ಕಸ್ತೂರೆವ್ವ ಹಾಳೆ ನೋಡಿದಳು. ಎರಡು ಕಂಬಗಳ ನಡುವಿನ ತನ್ನ ಹೊಸ್ತಿಲು ನೋಡಿದಳು. ದಿನಾ ಬಗ್ಗಿ ಒರೆಸುವವಳಿಗೆ ಆ ಹೊಸ್ತಿಲಿನ ಉದ್ದ ಸೊಂಟಕ್ಕೆ ಗೊತ್ತು. ಹಾಳೆಯಲ್ಲಿ ಮೆಟ್ಟಿಲು ಹಿಂದೆಲ್ಲೋ ಇತ್ತು. ಕಟ್ಟಡದಲ್ಲಿ ಅದು ಮುಂದೆ, ಅವಳ ಬಾಗಿಲನ್ನು ಒತ್ತಿಕೊಂಡು ಏರಿತ್ತು.

“ಗಾಡಿ ತರ್ರಿ,” ಎಂದಳು.

“ಯಾಕೆ?”

“ತರ್ರಿ ಅಂದೆ.”

ಮರಿಯಪ್ಪ ಗೆದ್ದವನಂತೆ ಹೋಗಿ ಕಾರು ತಂದು ರಸ್ತೆಗೆ ಅಡ್ಡಲಾಗಿ, ಶಟರಿಗೆ ಮೂತಿ ಮಾಡಿ ನಿಲ್ಲಿಸಿದ. ಎರಡೂ ಕಡೆ ಹಾರನ್ನು ಶುರುವಾಯಿತು. ಉಣ್ಣಲು ಬಂದವರು, ಹಾಲಿನವರು, ಹೂವಿನವರು, ಇಡೀ ಪಶ್ಚಿಮ ಬೆಂಗಳೂರೇ ಬಂದು ಸುತ್ತ ನಿಂತಿತು.

ಕಸ್ತೂರೆವ್ವ ಒಣಗಿಸಿದ ಖಡಕ್ ರೊಟ್ಟಿಯ ಗಂಟು ತಂದಳು. ಅವಳ ರೊಟ್ಟಿಗಳೆಂದರೆ ಒಂದರ ಮೇಲೊಂದು ನೂರು ಪೇರಿಸಿದರೂ ಅಂಚು ಕೂದಲೆಳೆಯಷ್ಟು ಆಚೀಚೆ ಆಗುತ್ತಿರಲಿಲ್ಲ; ಚಂದ್ರ ಹುಣ್ಣಿಮೆಗೆ ಒಮ್ಮೆ ಬಂದು ಅವುಗಳ ಪಕ್ಕ ನಿಂತು ತನ್ನನ್ನು ಸರಿಮಾಡಿಕೊಂಡು ಹೋಗುತ್ತಿದ್ದ. ಹೊಸ್ತಿಲ ಮೇಲೆ ಬಿಳಿ ಬಟ್ಟೆ ಹಾಸಿ, ಕಂಬದಿಂದ ಕಂಬಕ್ಕೆ ರೊಟ್ಟಿ ಜೋಡಿಸಿದಳು. ದಿನದ ಗಿರಾಕಿ, ಡೆಲಿವರಿ ಮಾಡುವ ರುದ್ರೇಶ, ಹೆಲ್ಮೆಟ್ ತೆಗೆಯದೆಯೇ ಗಟ್ಟಿಯಾಗಿ ಎಣಿಸಿದ.

“ನಾಲ್ಕು... ಐದು... ಆರು. ಆರೂವರಿ!”

ಅದೇ ಬಟ್ಟೆಯನ್ನು ಕಾರಿನ ಬಾನೆಟ್ ಮೇಲೆ ಅಡ್ಡಲಾಗಿ ಹಾಸಿದಳು.

“ಆರು... ಏಳು. ಯವ್ವಾ, ಏಳೂವರಿ!”

“ರೊಟ್ಟಿ ಲೆಕ್ಕ ಎಲ್ಲಾ ನಡೆಯಲ್ಲ!” ಮರಿಯಪ್ಪ ಕಿರುಚಿದ. “ಲಿಂಗಾ, ಟೇಪ್ ಬಿಡೇ!”

ತರಕಾರಿ ಬುಟ್ಟಿಯಲ್ಲಿ ಟೇಪು ಇಳಿದು ಬಂತು. ಟೇಪು ರೊಟ್ಟಿಯ ಮಾತನ್ನೇ ಹೇಳಿತು. ಬಾಗಿಲಿಗಿಂತ ಕಾರು ಮುಕ್ಕಾಲು ಅಡಿ ಅಗಲ.

“ವಾಸ್ತು ಅಂತ ಮೆಟ್ಲು ಮುಂದಕ್ ತಂದೋರ್ ಯಾರು ಅಂತ ಕೇಳಿ ಅವರ್ನ!” ಐದನೇ ಮಹಡಿಯಿಂದ ಲಿಂಗಮ್ಮನ ದನಿ ಬಂತು. “ಆಗ್ಲೇ ಬಡ್ಕೊಂಡೆ ನಾನು!”

“ಕಂಬ ಒಡೆಸ್ತೀನಿ!” ಎಂದ ಮರಿಯಪ್ಪ.

“ಒಡಸ್ರಿ,” ಎಂದಳು ಕಸ್ತೂರೆವ್ವ. “ಐದೂ ಅಂತಸ್ತು ಬಂದು ನಿಮ್ಮ ಕಾರಿನ್ಯಾಗ ಕುಂಡ್ರತಾವು.”

ಬೀದಿ ನಕ್ಕಿತು. ಬೆಂಗಳೂರಿನಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಕಸ್ತೂರೆವ್ವ ಮಾತ್ರ ನಗಲಿಲ್ಲ.

“ನಗಬ್ಯಾಡ್ರಿ ಯಾರೂ!” ಎಂದಳು. ದನಿ ಏರಿಸಿರಲಿಲ್ಲ, ಆದರೂ ಹಾರನ್ನುಗಳು ನಿಂತುಹೋದವು. “ಅಳತಿ ತಪ್ಪೈತಿ ಅಂತ ನಾ ಉಳದೇನಿ. ಅಳತಿ ಸರಿ ಇದ್ದಿದ್ದರ? ಹೇಳ್ರಿ ಗೌಡ್ರ. ಅಳತಿ ಸರಿ ಇದ್ದಿದ್ದರ ನಾ ಎಲ್ಲಿ ಹೋಗಬೇಕಿತ್ತು?”

ಮರಿಯಪ್ಪ ಪ್ಲ್ಯಾನು ಮಡಚಿದ. ಮತ್ತೆ ಬಿಡಿಸಿದ. ಮತ್ತೆ ಮಡಚಿದ.

“ಆಯ್ತು ಬಿಡಮ್ಮ. ಚೀಟಿ ಹರ್ದಾಕು. ಬೈಕ್‌ಗಳ್ನ ಸರ್ಸಿ ಇಲ್ಲೇ ಬಾಗಲಲ್ಲಿ ಗಾಡಿ ನಿಲ್ಸಿ, ನಿನ್ ಅಂಗಡಿಯಿಂದ ಒಂದು ವೈರ್ ಎಳ್ಕೋತೀನಿ.”

“ಎಳಕೋರಿ. ಎಲ್ಲಿ ಚುಚ್ಚತೀರಿ? ಫೋನ್ ಹಚ್ಚೂ ಪ್ಲಗ್ ಒಂದ ಐತಿ. ದೊಡ್ಡದು ನೀವು ಹಾಕಿಸಿಲ್ಲ.”

ಅವನ ಬಾಯಿ ತೆರೆದೇ ಉಳಿಯಿತು. ಒಂದು ನೊಣ ಒಳಗೆ ಹೋಗಿ, ನೋಡಿ, ಬೇಸರಪಟ್ಟು ಹೊರಗೆ ಬಂತು.

“ಹಾಕಿಸ್ತೀನಿ,” ಎಂದ ಕೊನೆಗೆ.

“ಬರೀ ಬಾಯಿಮಾತು ಬ್ಯಾಡ. ಈ ಚೀಟಿ ಹಿಂದ ಬರೀರಿ. ಕಸ್ತೂರೆವ್ವ ತಾನಾಗಿ ಬಿಡೂತನಕ ಖಾನಾವಳಿ ಇಲ್ಲೇ ಇರತೈತಿ ಅಂತ.”

ಕಾರಿನ ಬಾನೆಟ್ ಮೇಲೆಯೇ ಚೀಟಿಯಿಟ್ಟು ಅವನು ‘ಕಸ್ತೂರಮ್ಮ’ ಎಂದು ಬರೆದ. ಅವಳು ಹಿಟ್ಟಿನ ಬೆರಳು ಆ ಹೆಸರಿನ ಮೇಲೆ ಊರಿದಳು. ಹೊಡೆದುಹಾಕಿ, ತಿದ್ದಿ ಬರೆದು, ಸಹಿ ಮಾಡಿದ. ಅಳತೆ ಮುಗಿದ ರೊಟ್ಟಿಗಳು ಊಟಕ್ಕೆ ಹೋದವು.

ಮರುದಿನ ಎಲೆಕ್ಟ್ರಿಷಿಯನ್ ಭೈರೇಶ ಬಂದು ಮೀಟರ್ ಬೋರ್ಡಿನಿಂದ ಹೊಸ ವೈರು ಎಳೆದ. ಬಿಲ್ಡಿಂಗ್ ಎಲ್ಲಾ ಆರಾಮಾಗಿ ತಡ್ಕೊಳ್ಳುತ್ತೆ ಎಂದು, ಯಾರೂ ಕೇಳದಿದ್ದರೂ, ಮೂರು ಸಲ ಹೇಳಿದ. ಮಧ್ಯಾಹ್ನದ ಊಟದ ಗದ್ದಲ ಮುಗಿಯುವ ಹೊತ್ತಿಗೆ ಗೋಡೆಯ ಮೇಲೆ ಪವರ್ ಪ್ಲಗ್ ಕೂತಿತ್ತು.

ಮರಿಯಪ್ಪ ಕಾರಿನ ಕೇಬಲ್ಲನ್ನು ಹೆಬ್ಬಾವಿನಂತೆ ಹೆಗಲಿಗೆ ಸುತ್ತಿಕೊಂಡು ಒಳಗೆ ಕಾಲಿಟ್ಟ. ಕಸ್ತೂರೆವ್ವ ಆಗಷ್ಟೇ ಮಷಿನ್ ಮೇಲಿನ ಪ್ಲಾಸ್ಟಿಕ್ ಎಳೆದು ಬಿಸಾಕಿದ್ದಳು. ಅವನ ಕಣ್ಣೆದುರೇ ಅದರ ಪಿನ್ನನ್ನು ಹೊಸ ಪ್ಲಗ್ಗಿಗೆ ಎಡಗೈಯಿಂದ ಒತ್ತಿದಳು. ಸ್ವಿಚ್ಚು ಹಾಕಿದಳು. ಮಷಿನ್ ಒಮ್ಮೆ ಕೆಮ್ಮಿ, ಕೆಂಗೇರಿಯವರೆಗೆ ಕೇಳುವಂತೆ ಗರ್ಜಿಸಿತು.

“ನನ್ ಗಾಡಿ ನಾಲ್ಕೇ ಪರ್ಸೆಂಟಲ್ಲಿದೆ, ಕಸ್ತೂರೆವ್ವ!” ಎಂದು ಮರಿಯಪ್ಪ ಗರ್ಜನೆಯ ಮೇಲೆ ಕೂಗಿದ.

ಹೆಸರು ಸರಿಯಾಗಿತ್ತು. ಅವಳು ತಲೆ ಎತ್ತಲಿಲ್ಲ.

“ಹನ್ನೊಂದು ವರ್ಷದ ಶೇಂಗಾ ಐತ್ರಿ,” ಎಂದು ಒಂದು ಮೂಟೆಯ ಬಾಯಿ ಬಿಚ್ಚಿದಳು. “ಮುಗದ ಮ್ಯಾಲ ನಿಮ್ಮ ಪಾಳಿ. ಹೊರಗ ಕುಂಡ್ರಿ.”

ಮರಿಯಪ್ಪ ಹೊರಗೆ ಬಂದು ಕೂರಲು ಬೆಂಚು ಹುಡುಕಿದ. ಬೆಂಚು ಇರಲಿಲ್ಲ. ಅದನ್ನು ತೆಗೆಸಿದವರು ಯಾರೆಂದು ನೆನಪಾಗಲು ಅವನಿಗೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಹೆಗಲ ಮೇಲೆ ಕೇಬಲ್ ಹೊತ್ತುಕೊಂಡು, ಏಳೂವರೆ ರೊಟ್ಟಿ ಅಗಲದ ಕಾರಿನ ಪಕ್ಕ, ಬಿಸಿಲಲ್ಲಿ ನಿಂತ.