ಹತ್ತು ವರ್ಷದ ನಿಯಮ

ಲಂಡನ್ನಿನ ಕಾಲೇಜು ಕಳಿಸಿದ್ದ ಪತ್ರದ ಹದಿನಾಲ್ಕನೇ ನಿಯಮ ಗುರುದೇವಿಗೆ ಬಾಯಿಪಾಠವಾಗಿತ್ತು. ಹತ್ತು ವರ್ಷಕ್ಕಿಂತ ಹಿಂದೆ ನಪಾಸಾಗಿದ್ದರೆ ಆ ಅಂಕಗಳನ್ನು ಪರಿಗಣಿಸುವುದಿಲ್ಲ. ಪಾಸಾದ ವಿಷಯಗಳನ್ನು ಉಳಿಸಿಕೊಂಡು ಓದು ಮುಂದುವರಿಸಬಹುದು. ಷರತ್ತು ಒಂದೇ: ಸಂದರ್ಶನ ಶುರುವಾಗುವ ಮೊದಲು ಅಭ್ಯರ್ಥಿ ತಾನಾಗಿ ಹೇಳಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಅರ್ಜಿ ರದ್ದು.

ಅವಳು ಬಿ.ಎಸ್ಸಿ. ಕೊನೆಯ ವರ್ಷ ನಪಾಸಾದದ್ದು 1991ರ ಜೂನ್ 28ರಂದು. ಸಂದರ್ಶನ 2001ರ ಜುಲೈ 5, ಗುರುವಾರ. ಹತ್ತು ವರ್ಷ ತುಂಬಿ ಒಂದು ವಾರವಾಗಿತ್ತು. ಶಾಲೆಯೊಂದರ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದ ಅವಳಿಗೆ ಡಿಗ್ರಿ ಮುಗಿಸಲು ಇದ್ದ ದಾರಿ ಇದೊಂದೇ.

ತೊಂದರೆ ಇದ್ದದ್ದು ಅರ್ಜಿಯಲ್ಲಿ. ಅದನ್ನು ತುಂಬಿದವನು ಗಂಡ ಬಸವಂತಪ್ಪ. ಕ್ರೋಯ್ಡನ್ನಿನ ಕಟ್ಟಡ ಕಂಪನಿಯೊಂದರಲ್ಲಿ ಬೇರೆಯವರ ನಕ್ಷೆಗಳ ತಪ್ಪು ಹುಡುಕುವುದು ಅವನ ಕೆಲಸ. ಮನೆಯ ಯಾವ ಫಾರ್ಮನ್ನೂ ಬೇರೆಯವರ ಕೈಗೆ ಬಿಡುತ್ತಿರಲಿಲ್ಲ. ಕೊನೆಯ ವರ್ಷವನ್ನು ಇಲ್ಲಿ ಮತ್ತೆ ಓದಿದರೆ ಅವಳಿಗೆ ಇಲ್ಲಿಯ ಡಿಗ್ರಿಯೂ ಸಿಗುತ್ತದೆ ಎಂದಷ್ಟೇ ಅವನು ತಿಳಿದಿದ್ದ. ವಿದ್ಯಾರ್ಹತೆಯ ಜಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಬಿ.ಎಸ್ಸಿ. ಪದವೀಧರೆ ಎಂದು ಬರೆದಿದ್ದ. ಮದುವೆಗೆ ಮುಂಚೆ ಅವನ ಮನೆಗೆ ಹೋಗಿದ್ದ ಬಯೋಡೇಟಾದಲ್ಲಿ ಹಾಗೆಯೇ ಇತ್ತು. ಅದನ್ನು ಗುರುದೇವಿಯ ಅಪ್ಪ ಫೆಬ್ರುವರಿಯಲ್ಲಿ, ಪರೀಕ್ಷೆಗೂ ಮೊದಲೇ ಬರೆಸಿದ್ದರು. ಮೇ ತಿಂಗಳಲ್ಲಿ ಮದುವೆ, ಜೂನಿನಲ್ಲಿ ಫಲಿತಾಂಶ. "ಅಕ್ಟೋಬರ್‌ದಾಗ ಮತ್ತ ಕಟ್ಟೀಯಂತ, ಈಗ ಸುಮ್ಮನಿರು" ಎಂದಿದ್ದರು ಅಪ್ಪ. ಅಕ್ಟೋಬರಿನಲ್ಲಿ ಅವಳು ಲಂಡನ್ನಿನಲ್ಲಿದ್ದಳು.

ಅರ್ಜಿಯ ಕೊನೆಗೆ, ಮೇಲಿನದೆಲ್ಲ ನಿಜ ಎಂಬ ಸಾಲಿನ ಕೆಳಗೆ ಸಹಿ ಮಾತ್ರ ಅವಳದ್ದು.

ಸೋಮವಾರ ಬಸವಂತಪ್ಪ ಡಿಗ್ರಿ ಸರ್ಟಿಫಿಕೇಟ್ ಕೇಳಿದ್ದ.

"ಧಾರವಾಡದಾಗ ಉಳದೈತಿ" ಎಂದಳು.

"ಮಾವನವ್ರಿಗೆ ಫೋನ್ ಮಾಡಿದ್ದೆ. ಹುಡುಕ್ತೀನಿ ಅಂದ್ರು. ಅವರು ಹುಡುಕೂದಂದ್ರ ಕುರ್ಚಿ ಮ್ಯಾಲ ಕುಂತು ನಿಮ್ಮ ಅವ್ವಾರನ್ನ ಕೂಗೂದು." ನಕ್ಕ. "ನಮ್ಮ ದೋಸ್ತ ವೀರಣ್ಣಗ ಹೇಳೀನಿ. ಶುಕ್ರವಾರ ಯೂನಿವರ್ಸಿಟಿ ಆಫೀಸಿಗೆ ಹೋಗಿ ಡೂಪ್ಲಿಕೇಟ್ ಕೇಳ್ತಾನ."

"ಅದಕ್ಕ ರಜಿಸ್ಟರ್ ನಂಬರ್ ಬೇಕಲ್ಲರೀ."

"ಸೆಕೆಂಡ್ ಇಯರ್ ಮಾರ್ಕ್ಸ್ ಕಾರ್ಡಿನಾಗ ಇತ್ತು. ಬರಿಸೀನಿ."

ಗುರುದೇವಿ ಕೈಯಲ್ಲಿದ್ದ ಲೋಟವನ್ನು ಸಿಂಕಿನಲ್ಲಿ ಇಟ್ಟಳು.

ಗುರುವಾರ ಬೆಳಿಗ್ಗೆ ಒಂಬತ್ತು ವರ್ಷದ ಮಗಳು ಸ್ಫೂರ್ತಿ ಶಾಲೆಗೆ ಹೊರಡುವಾಗ, "ಗುಡ್ ಲಕ್ ಮಮ್ಮಿ, ಡೋಂಟ್ ಫೇಲ್!" ಎಂದು ಕೂಗಿ ಹೋದಳು. ಗಂಡ ಹೆಂಡತಿ ಟ್ರಾಮ್ ಹಿಡಿದರು. ಫೈಲು ಅವನ ತೊಡೆಯ ಮೇಲಿತ್ತು. ಅದರಲ್ಲಿ ಇಲ್ಲದ ಒಂದೇ ಕಾಗದ ಅವಳ ಕೈಚೀಲದಲ್ಲಿತ್ತು.

ಕಾಲೇಜಿನ ಕಾರಿಡಾರಿನಲ್ಲಿ ಕುಳಿತಾಗ ಹತ್ತು ಗಂಟೆ ಐವತ್ತು ನಿಮಿಷ. ಸಂದರ್ಶನ ಹನ್ನೊಂದಕ್ಕೆ. ಒಳಗೆ ಅವನನ್ನು ಬಿಡುವುದಿಲ್ಲ. ಸಂದರ್ಶನದ ಅಧಿಕಾರಿಗಷ್ಟೇ ಹೇಳಿ ಬರಬಹುದಿತ್ತು. ಆದರೆ ನಾಳೆ ವೀರಣ್ಣ ಧಾರವಾಡದ ಯೂನಿವರ್ಸಿಟಿ ಆಫೀಸಿನ ಕಿಟಕಿಯ ಮುಂದೆ ನಿಲ್ಲುತ್ತಾನೆ. ಚೀಲದ ಜಿಪ್ ಎರಡನೇ ಸಲಕ್ಕೆ ತೆರೆಯಿತು.

"ರೀ, ಇದನ್ನ ನೋಡ್ರಿ."

ಬಸವಂತಪ್ಪ ಆ ಕೊನೆಯ ವರ್ಷದ ಮಾರ್ಕ್ಸ್ ಕಾರ್ಡನ್ನು ನಕ್ಷೆ ಓದುವಂತೆ ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಓದಿದ. ರಸಾಯನಶಾಸ್ತ್ರದ ಬಳಿ ಬೆರಳು ನಿಂತಿತು. ನೂರಕ್ಕೆ ಇಪ್ಪತ್ತೇಳು.

"ಎಲ್ಲಿತ್ತು ಇದು?"

"ಕುಕ್ಕರಿನ ಗ್ಯಾರಂಟಿ ಕಾಗದದಾಗ."

"ಹತ್ತು ವರ್ಷ?"

"ಹೂಂ."

"ಸೊಸಿ ಬಿ.ಎಸ್ಸಿ. ಅಂತ ನಮ್ಮವ್ವ ಊರೆಲ್ಲಾ ಹೇಳ್ಯಾಳ. ನಾನೂ ಹೇಳೀನಿ. ಬಾಗಲಕ್ಕ ಬೋರ್ಡ್ ಒಂದ ಹಾಕಿಲ್ಲ."

ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಬಾಗಿಲು ತೆರೆದು ಯಾರೋ ಅವಳ ಹೆಸರು ಕರೆದರು. ಅವಳು ಕೈ ಚಾಚಿದಳು. ಅವನು ಕಾಗದ ಬಿಡಲಿಲ್ಲ.

"ಕೊಡ್ರಿ. ಅದಿಲ್ಲದ ಹೋದ್ರ ಒಳಗೂ ಸುಳ್ಳ ಹೇಳಬೇಕಾಗತೈತಿ."

ಬಿಟ್ಟ.

ಕೂರುವ ಮೊದಲೇ ಅವಳು ಎಲ್ಲ ಹೇಳಿಬಿಟ್ಟಳು. ಅಧಿಕಾರಿ ಮಾರ್ಕ್ಸ್ ಕಾರ್ಡಿನ ದಿನಾಂಕ ನೋಡಿದರು, ಅರ್ಜಿ ನೋಡಿದರು, ಕೊನೆಗೆ ಗೋಡೆಯ ಗಡಿಯಾರ ನೋಡಿದರು. ಬಸವಂತಪ್ಪ ಬರೆದದ್ದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಅವಳ ಸಹಿ ಹಾಕಿಸಿ, ಸಮಯ ಬರೆದರು: 10.58. ಸಂದರ್ಶನ ಇನ್ನೂ ಶುರುವಾಗಿಲ್ಲ, ಈಗ ಶುರು ಮಾಡೋಣ ಎಂದರು. ಇಪ್ಪತ್ತು ನಿಮಿಷದಲ್ಲಿ ಕೊನೆಯ ವರ್ಷಕ್ಕೆ ಸೀಟು ಸಿಕ್ಕಿತು.

ಹೊರಬಂದಾಗ ಕುರ್ಚಿ ಖಾಲಿ ಇತ್ತು, ಫೈಲೂ ಇರಲಿಲ್ಲ. ಅವಳು ಮೆಟ್ಟಿಲಿಳಿದು ಓಡಿದಳು. ಬಸವಂತಪ್ಪ ಮುಂಬಾಗಿಲಿನ ಪಕ್ಕದ ಫೋನಿನಲ್ಲಿ ಮಾತಾಡುತ್ತಿದ್ದ.

"ವೀರಣ್ಣಾ, ನಾಳೆ ಹೋಗಬ್ಯಾಡ ಮಾರಾಯ. ಹೌದು, ಸಿಕ್ತು. ಮನ್ಯಾಗ ಇತ್ತು."

ಫೋನ್ ಇಟ್ಟು ತಿರುಗಿದ. ಅವಳು ಹದಿನಾಲ್ಕನೇ ನಿಯಮದಡಿ ಸೀಟು ಕೊಟ್ಟಿದ್ದ ಪತ್ರ ತೋರಿಸಿದಳು. ಅವನು ಅದನ್ನು ಪೂರ್ತಿ ಓದಿ, ಮಡಚಿ, ಫೈಲಿನಲ್ಲಿ ಇಟ್ಟುಕೊಂಡ.

"ಎಷ್ಟು ವರ್ಷ ಆಗಿರಬೇಕಂತ, ಅವರ ರೂಲಿನಾಗ?"

"ಹತ್ತು."

"ಅವರಿಗೆ ಹತ್ತು ಆಗೇತಿ" ಎಂದ ಬಸವಂತಪ್ಪ, ಟ್ರಾಮ್ ನಿಲ್ದಾಣದ ಕಡೆ ಹೊರಡುತ್ತ. "ನನಗ ಇವತ್ತ ಗೊತ್ತಾಗೈತಿ."